ಪುಟ್ಟಿಯ ಎತ್ತರದ ಚಿಲಕ

ಬೆಳಿಗ್ಗೆ ಏಳರ ಬಸ್ಸಿಗೆ ನಾವು ನಾಲ್ವರು ಹತ್ತಿದೆವು. ನಾನು, ನನ್ನ ತಂಗಿ ಜಯಾ, ಅವಳ ಗಂಡ ನಾಗರಾಜು, ಅವರ ಒಂಬತ್ತು ವರ್ಷದ ಮಗಳು. ಮಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಪುಟ್ಟಿ ಎಂದರೆ ಸಾಕು. ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ. ನಮ್ಮೂರಿನ ಹೆಸರೂ ಬೇಡ. ಪಿರಿಯಾಪಟ್ಟಣದಿಂದ ಒಳಕ್ಕೆ ಹೊಗೆಸೊಪ್ಪು ಬೆಳೆಯುವ ಊರುಗಳು ಬೇಕಾದಷ್ಟಿವೆ, ಅವುಗಳಲ್ಲೊಂದು ಎಂದುಕೊಳ್ಳಿ. ಶ್ರಾವಣದ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಬ್ಯಾರನ್ನು ಎನ್ನುವ ಎತ್ತರದ ಗೂಡುಗಳಲ್ಲಿ ಬೆಂಕಿ ಹಾಕಿ ಸೊಪ್ಪು ಬೇಯಿಸುವ ಕಾಲ ಅದು. ಅದರ ವಾಸನೆ ಬಸ್ಸಿನೊಳಗೂ ನಮ್ಮ ಜೊತೆ ಬಂತು.

ಪ್ರವಾಸ ಕಥನವೆಂದರೆ ಜನ ಕಾಶಿಗೋ ಬದರಿಗೋ ಹೋಗಿಬಂದು ಬರೆಯುತ್ತಾರೆ. ನಾವು ಹೋದದ್ದು ಕೆ.ಆರ್. ನಗರಕ್ಕೆ. ಎರಡು ಕಡೆ ಬಸ್ಸು ಬದಲಿಸಿದರೂ ಮಧ್ಯಾಹ್ನದ ಊಟದೊಳಗೆ ತಲುಪಬಹುದು. ನಗುವವರು ನಗಲಿ, ನಾನಂತೂ ಬರೆಯುವವಳೇ.

ಹೋಗಬೇಕಾಗಿ ಬಂದ ಕಾರಣ ಇಷ್ಟು. ಜಯಾ ಸೊಪ್ಪು ಕಟ್ಟುವ ಕೂಲಿಗೆ ಹೋಗುತ್ತಿದ್ದ ಬ್ಯಾರನ್ನಿನ ಯಜಮಾನನ ತಮ್ಮ ಪುಟ್ಟಿಗೆ ಮಾಡಬಾರದ್ದನ್ನು ಮಾಡಿದ್ದ, ಒಂದು ಸಲವಲ್ಲ. ಅದನ್ನು ಅವಳು ಮೊದಲು ಹೇಳಿದ್ದು ನನಗೆ. ನಾನು ಊರಿನ ಅಂಗನವಾಡಿ ಟೀಚರು. ಚಿಕ್ಕಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತು, ಎರಡೇ ಮಾತಿನಲ್ಲಿ ಹೇಳಿ, ತಾನೇ ಸೌಟು ಇಸಿದುಕೊಂಡು ಬಡಿಸತೊಡಗಿದಳು. ಆಗ ನೆನಪಾದದ್ದು ಪಿರಿಯಾಪಟ್ಟಣದಲ್ಲಿ ನಮಗೆ ನಡೆದಿದ್ದ ತರಬೇತಿ. ಊಟವಾದ ಮೇಲೆ ಅರ್ಧ ಜನ ತೂಕಡಿಸುತ್ತಿದ್ದಾಗ ಸರೋಜಾ ಮೇಡಂ ಎಂಬವರು ಬಂದು, ಇಂಥ ಮಕ್ಕಳಿಗೆಂದೇ ಕೆ.ಆರ್. ನಗರದಲ್ಲಿ ಒಂದು ಮನೆ ನಡೆಸುತ್ತಿರುವುದಾಗಿ ಹೇಳಿದ್ದರು. ದೇವರ ದಯೆ, ನಾನು ಎಚ್ಚರವಾಗಿದ್ದೆ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ.

“ಇನ್ನೇನೂ ಕೇಳ್ಬೇಡಿ ಕಣ್ರೀ. ಹೇಳಿದ್ದು ಒಳ್ಳೇದಾಯ್ತು ಕಣವ್ವ ಅಂತ ಮಾತ್ರ ಅವಳಿಗೆ ಹೇಳಿ, ಕರ್ಕೊಂಡು ಬನ್ನಿ,” ಎಂದರು ಮೇಡಂ.

ಕೇಳಬೇಡಿ ಎಂದರೆ ನಮ್ಮೂರಲ್ಲಿ ನಡೆಯುವ ಮಾತೇ? ಕಷ್ಟ ಬಂದ ಮನೆಗೆ ಹೋಗಿ ‘ಏನಾಯ್ತು’ ಎಂದು ಕೇಳದಿದ್ದರೆ ನಮ್ಮಲ್ಲಿ ಅದು ಮರ್ಯಾದೆಯಲ್ಲ. ಅಜ್ಜಿ ಕೇಳಿದಳು, ಜಯಾಳ ಓರಗಿತ್ತಿ ಕೇಳಿದಳು, ಹಾಲು ಹಾಕುವವಳು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದಳು. ಯಾರೂ ಕೆಟ್ಟವರಲ್ಲ. ಪುಟ್ಟಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಅಷ್ಟರಲ್ಲಿ ಯಜಮಾನನ ಕಡೆಯಿಂದ ಹೇಳಿಕಳಿಸಿದರು, “ಭಾನ್ವಾರ ಮಾರಿಗುಡಿ ಕಟ್ಟೆ ತಾವ ಸೇರ್ವ. ಮಗೀನೂ ಕರ್ಕಂಬನ್ನಿ. ಅದೇನೋ ಎಲ್ರ ಮುಂದ್ಲೂ ಏಳ್ಲಿ.”

ನಾಗರಾಜು ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ವಿಷಯ ತಿಳಿದ ದಿನದಿಂದ ಮಗಳ ಜೊತೆಯೂ ಮಾತು ನಿಂತಿತ್ತು. ಇವನು ಮಗಳನ್ನು ನಂಬಿದ್ದಾನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಇವನು ಅವಳ ಹಿಂದೆ ನಿಲ್ಲದಿದ್ದರೆ ಆ ಮಗು ಭಾನುವಾರ ಕಟ್ಟೆಯ ಮುಂದೆ ನಿಲ್ಲಬೇಕಾಗುತ್ತದೆ ಎನ್ನುವುದು ಮಾತ್ರ ಗೊತ್ತಿತ್ತು. ನಾವು ಹೊರಟದ್ದು ಶುಕ್ರವಾರ. ಅವನು ಹೊರಟದ್ದೇ ಹೆಚ್ಚು ಎಂದುಕೊಂಡು ಸುಮ್ಮನಿದ್ದೆ.

ಬಸ್ಸಿನಲ್ಲೂ ಅದೇ ಪಾಡು. ಪಿರಿಯಾಪಟ್ಟಣದ ಸಂತೆಗೆ ಬಾಳೆಎಲೆ ಹೊತ್ತುಕೊಂಡು ಹೊರಟಿದ್ದ ಹೆಂಗಸೊಬ್ಬಳು ಕೂರುವ ಮೊದಲೇ ಶುರುಮಾಡಿದಳು.

“ನಾಕ್ ಜನಾನೂ ಎಲ್ಗೊಂಟಿದ್ದೀರಿ? ಮಗಾ ಯಾಕವ್ವ ಮಂಕಾಗೈತೆ?”

“ಹಲ್ಲುನೋವು ಕಣಕ್ಕ,” ಎಂದೆ. ಪುಟ್ಟಿ ನನ್ನತ್ತ ತಿರುಗಿ ನೋಡಿದಳು. ಹಿಂದಿನ ಸೀಟಿನ ಮುದುಕರಿಗೆ ಅದು ಕೇಳಿಸಿರಲಿಲ್ಲ. ಅವರು ಕೇಳಿದಾಗ ಬಾಯಿತಪ್ಪಿ ಕಣ್ಣು ತೋರಿಸಲು ಎಂದುಬಿಟ್ಟೆ. ಬಾಳೆಎಲೆಯವಳು ಮುದುಕರನ್ನೂ ನನ್ನನ್ನೂ ನೋಡಿ, ಪಾಪ ಈ ಮಗುವಿಗೆ ಎಷ್ಟೊಂದು ಕಾಯಿಲೆ ಎಂದು ಲೊಚಗುಟ್ಟಿ, ಕಣ್ಣಿಗೆ ನಂದಿಬಟ್ಟಲೂ ಹಲ್ಲಿಗೆ ಲವಂಗವೂ ಹೇಳಿ ಇಳಿದುಹೋದಳು. ಜಯಾ ಎಷ್ಟೋ ದಿನದ ಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಪಿರಿಯಾಪಟ್ಟಣದಲ್ಲಿ ಮಡಿಕೇರಿ ಕಡೆಯಿಂದ ಬಂದ ಬಸ್ಸು ಸಿಕ್ಕಿತು. ನಿಲ್ಲಲೂ ಜಾಗವಿರಲಿಲ್ಲ. ಬೈಲಕುಪ್ಪೆಯಲ್ಲಿ ಹತ್ತಿದ್ದ ಟಿಬೆಟಿನ ಹೆಂಗಸೊಬ್ಬರು, ನನಗಿಂತ ಹಿರಿಯರು, ಕಿಟಕಿಯ ಪಕ್ಕ ಕೂತಿದ್ದರು. ಪುಟ್ಟಿಯ ಮುಖ ನೋಡಿ ಎದ್ದು ಒಳಕ್ಕೆ ದಾರಿ ಬಿಟ್ಟರು.

“ಬಾ ಕಣವ್ವ, ಇಲ್ ಕೂತ್ಕೋ. ಗಾಳಿ ಬತ್ತದೆ,” ಎಂದರು ನಮ್ಮ ಕಡೆಯದೇ ಕನ್ನಡದಲ್ಲಿ. ಆಮೇಲೆ ಹುಣಸೂರಿನವರೆಗೂ ಏನೂ ಕೇಳಲಿಲ್ಲ, ಜಪಮಣಿ ಎಣಿಸುತ್ತ ಕೂತರು. ಆ ದಿನ ಕೇಳದೆ ಇದ್ದವರು ದಾರಿಯಲ್ಲಿ ಅವರೊಬ್ಬರೇ. ಇಳಿಯುವಾಗ ಅವರಿಗೆ ಕೈಮುಗಿದೆ.

ಹುಣಸೂರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಇಡ್ಲಿ ಗಟ್ಟಿ, ಚಟ್ನಿ ನೀರು. ಹಸಿದವರಿಗೆ ಅದೇ ಸಾಕಿತ್ತು. ನಾಗರಾಜು ಬರೀ ಟೀ ಕುಡಿದು ಹೊರಗೆ ನಿಂತಿದ್ದ. ಕೆ.ಆರ್. ನಗರದ ಬಸ್ಸು ಹೊರಟ ಮೇಲೆ ಸ್ವಲ್ಪ ದೂರ ನಮ್ಮ ಕಡೆಯ ಹಾಗೆಯೇ ಕೆಂಪು ಹೊಲ, ಹೊಗೆಸೊಪ್ಪು. ಆಮೇಲೆ ನಾಲೆಯ ನೀರು ಕಾಣಿಸಿತು, ಗದ್ದೆ ಶುರುವಾಯಿತು. ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದರು. ಪುಟ್ಟಿ ಮೂತಿಯನ್ನು ಕಿಟಕಿಯ ಸರಳಿಗೆ ಒತ್ತಿಕೊಂಡು ನೋಡಿದಳು.

ಆ ಮನೆಗೆ ಬೋರ್ಡಿರಲಿಲ್ಲ. ಬೋರ್ಡು ಹಾಕಿದರೆ ಬಂದವರನ್ನೆಲ್ಲ ಬೀದಿಯೇ ವಿಚಾರಿಸಿಕೊಳ್ಳುತ್ತದೆಂದು ಬೇಕೆಂದೇ ಹಾಕಿಲ್ಲವಂತೆ. ಹೆಂಚಿನ ಮನೆ, ಮುಂದೆ ಜಗಲಿ, ಒಂದು ದಾಸವಾಳದ ಗಿಡ. ಸರೋಜಾ ಮೇಡಂ ಬಾಗಿಲಲ್ಲೇ ಕೂತಿದ್ದರು. ಎದ್ದು ಬಂದವರು ಮೊದಲು ಮಾತಾಡಿಸಿದ್ದು ನಮ್ಮನ್ನಲ್ಲ, ಪುಟ್ಟಿಯನ್ನು. ಅವಳ ಕೈಹಿಡಿಯಲಿಲ್ಲ, ತಲೆ ಸವರಲಿಲ್ಲ. ನೀರು ಬೇಕಾ, ಮಜ್ಜಿಗೆ ಬೇಕಾ ಎಂದು ಕೇಳಿದರು. ಆಮೇಲೆ ಮನೆಯನ್ನೆಲ್ಲ ತೋರಿಸಿದರು. ಒಂದು ಕೋಣೆ, ಅದಕ್ಕೆ ಅಂಟಿಕೊಂಡಂತೆ ಇನ್ನೊಂದು, ನಡುವೆ ತೆಳು ಪರದೆ ಹಾಕಿದ ಜಾಲರಿ ಕಿಟಕಿ.

“ನೀನು ಈ ರೂಮ್ನಲ್ಲಿ ನನ್ನ ಹತ್ರ ಹೇಳು. ಆಚೆ ರೂಮ್ನಲ್ಲಿ ಪೊಲೀಸ್ ಮೇಡಂ, ಡಾಕ್ಟ್ರಮ್ಮ ಕೂತು ಕೇಳ್ಕೋತಾರೆ. ಅವರಿಗೆ ಬೇರೆ, ಇವರಿಗೆ ಬೇರೆ ಅಂತ ನೀನು ಮತ್ತೆ ಮತ್ತೆ ಹೇಳಂಗಿರಲ್ಲ,” ಎಂದರು. ಮುಚ್ಚುಮರೆ ಇಲ್ಲದೆ ಆ ಇಬ್ಬರನ್ನೂ ಕರೆದು ತೋರಿಸಿದರು. ಪೊಲೀಸಮ್ಮ ಸಾದಾ ಸೀರೆ ಉಟ್ಟಿದ್ದರು. ಡಾಕ್ಟರು ಇದಕ್ಕೆಂದೇ ಮೈಸೂರಿನಿಂದ ಬಂದಿದ್ದರು.

ಆ ಕೋಣೆಯ ಬಾಗಿಲಿನ ಒಳಗೆ, ಎಂಟೊಂಬತ್ತು ವರ್ಷದ ಮಕ್ಕಳ ಭುಜದ ಮಟ್ಟಕ್ಕೆ, ಒಂದು ಚಿಲಕವಿತ್ತು. ದೊಡ್ಡವರ ಎತ್ತರದಲ್ಲಿ ಏನೂ ಇರಲಿಲ್ಲ. ಮೇಡಂ ಅದನ್ನು ಎರಡು ಸಲ ಹಾಕಿ ತೆಗೆದು ತೋರಿಸಿದರು. “ಇದು ನಿಂದು. ನಾನು ಒಳಗಿರ್ಲಾ, ಹೊರಗಿರ್ಲಾ?”

ಪುಟ್ಟಿ ಚಿಲಕವನ್ನು ಮುಟ್ಟಿ ನೋಡಿ, “ಹೊರಗೆ” ಎಂದಳು. ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ನಮಗೆಲ್ಲ ಕೇಳಿಸಿತು.

ನಾವು ಕಾದೆವು. ಕಾಫಿ ಬಂತು, ಲೋಟ ಒಳಗೆ ಹೋಯಿತು, ಮತ್ತೆ ಕಾಫಿ ಬಂತು. ಒಳಗಿನಿಂದ ಉಸಿರಿಲ್ಲ. ಅಷ್ಟು ದೂರದಿಂದ ಬಂದ ಡಾಕ್ಟರನ್ನು, ಪೊಲೀಸರನ್ನು ಒಂದು ಹುಡುಗಿ ಕಾಯಿಸುವುದೆಂದರೇನು ಎಂದು ನನಗೆ ಮೈಯೆಲ್ಲ ಸಂಕೋಚ. ಎದ್ದುಹೋಗಿ ಬಾಗಿಲು ಬಡಿಯಲು ಕೈಯೆತ್ತಿದೆ. ಮೇಡಂ ನನ್ನ ಮಣಿಕಟ್ಟು ಹಿಡಿದರು.

“ಬೇಡಿ ಟೀಚರೇ. ಅವಳೇ ತೆಗೀಲಿ. ಆಪತ್ತು ಅಂದ್ರೆ ಹೊರಗಿಂದ ತೆಗೆಯೋಕೆ ನಮಗೊಂದು ದಾರಿ ಐತೆ, ಇಲ್ಲೀತನಕ ಬೇಕಾಗಿಲ್ಲ. ಬೇಡ ಅಂದಾಗ ಬೇಡ ಅಂತ ನಿಲ್ಲೋರು ಇದಾರೆ ಅಂತ ಮಗೀಗೆ ಗೊತ್ತಾಗ್ಬೇಕು.”

ಜಗಲಿಯಲ್ಲಿ ನಾಗರಾಜುವಿನ ಪಕ್ಕ ಇನ್ನೊಬ್ಬ ಗಂಡಸು ಕೂತಿದ್ದ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯವನು, ಹೆಸರು ಕಾಳಯ್ಯ ಎಂದಿಟ್ಟುಕೊಳ್ಳಿ. ಅವನ ಮಗ ಅಂಗಳದಲ್ಲಿ ಇಲ್ಲಿನ ಒಬ್ಬ ಅಕ್ಕನ ಜೊತೆ ಗೋಲಿ ಆಡುತ್ತಿದ್ದ; ಎಷ್ಟೋ ತಿಂಗಳಿನಿಂದ ಇಬ್ಬರೂ ಇಲ್ಲಿಗೆ ಬಂದುಹೋಗುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತಿದ್ದರಿಂದ ಅವರ ಮಾತು ಕಿವಿಗೆ ಬಿತ್ತು.

“ನಾನೂವೆ ನಿನ್ನಂಗೇ ಕುಂತಿದ್ದೆ ಅಣ್ಣ,” ಎಂದ ಕಾಳಯ್ಯ. “ಬಾಯೇ ಬರ್ನಿಲ್ಲ. ಸಿಟ್ಟು ಆ ಮನ್ಸನ ಮ್ಯಾಲೆ. ನಮ್ಮುಡ್ಗ ಏನ್ ತಿಳ್ಕಂಡಿತ್ತು ಗೊತ್ತಾ? ಅಪ್ಪಂಗೆ ನನ್ ಮ್ಯಾಲೇ ಕ್ವಾಪ ಅಂತ. ಮೇಡಮ್ಮೋರು ಏಳೋಗಂಟ ನಂಗೆ ಅದು ತಿಳೀನಿಲ್ಲ.”

ನಾಗರಾಜು ಬೀಡಿ ಹಚ್ಚಲು ತೆಗೆದವನು ಹಚ್ಚದೆ ಜೇಬಿಗೆ ಹಾಕಿಕೊಂಡ.

ಒಳಗೆ ಚಿಲಕ ಸರಿದ ಸದ್ದಾಯಿತು. ಬಾಗಿಲು ಒಂದು ಗೇಣು ತೆರೆಯಿತು. “ಮೇಡಂ, ಈಗ ಬನ್ನಿ,” ಎಂದಳು ಪುಟ್ಟಿ.

ಒಳಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಕೇಳಬೇಕಾದವರು ಕೇಳಿಕೊಂಡರು. ಆಮೇಲೆ ಡಾಕ್ಟರು, ಪ್ರತಿಯೊಂದಕ್ಕೂ ಅವಳ ಒಪ್ಪಿಗೆ ಕೇಳಿ ಪರೀಕ್ಷೆ ಮಾಡಿ, ಮೈಗೆ ಏನೂ ಉಳಿಯುವುದಿಲ್ಲ, ಚೆನ್ನಾಗಿದ್ದಾಳೆ ಎಂದು ಜಯಾಳಿಗೆ ಹೇಳಿದರು. ಜಯಾ ಅಲ್ಲೇ ಕುಸಿದು ಕೂತು ಅತ್ತಳು. ತಾನು ಬ್ಯಾರನ್ನಿಗೆ ಹೋಗಬಾರದಿತ್ತು, ಮಗಳನ್ನು ಕರೆದೊಯ್ಯಬಾರದಿತ್ತು ಎಂದು ಅತ್ತಳು. ಮೇಡಂ ಅವಳನ್ನು ಸುಮ್ಮನಿರಿಸಲಿಲ್ಲ. ಪಕ್ಕದಲ್ಲಿ ಕೂತು, “ಕೂಲಿಗೋದವಳದ್ದು ತಪ್ಪಲ್ಲ ಜಯಮ್ಮ, ತಪ್ಪು ಮಾಡ್ದೋನದ್ದೇ ತಪ್ಪು,” ಎಂದು ಎಷ್ಟು ಸಲ ಬೇಕೋ ಅಷ್ಟು ಸಲ ಹೇಳಿದರು. ಅನ್ನ ಸಾರು ಬಡಿಸಿದರು. ಮುಂದೆ ಕೇಸು ಹೇಗೆ ನಡೆಯುತ್ತದೆ, ಯಾವಾಗ ಬರಬೇಕು, ಕೋರ್ಟಿಗೆ ತಾವೂ ಜೊತೆಗಿರುವುದು, ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದರು. ಕಟ್ಟೆಯ ಸುದ್ದಿ ಕೇಳಿ ಪೊಲೀಸಮ್ಮ, ಮಗುವನ್ನು ಅಲ್ಲಿ ನಿಲ್ಲಿಸುವಂತಿಲ್ಲ ಎಂದು ನಾಗರಾಜುವಿಗೆ ಸ್ಪಷ್ಟವಾಗಿ ತಿಳಿಸಿದರು. ಅವನು ಕೈಕಟ್ಟಿ ಕೇಳಿದ.

ಸಂಜೆ ಹುಣಸೂರಿನಲ್ಲಿ ಬಸ್ಸು ಬದಲಿಸಲು ಇಳಿದೆವು. ನೋಡಿದರೆ ನಾಗರಾಜು ಇಲ್ಲ. ಪಿರಿಯಾಪಟ್ಟಣದ ಬಸ್ಸು ಬಂತು, ಕಂಡಕ್ಟರು ಕೂಗಿದ, ಹೋಯಿತು. ನನಗೆ ಪಿತ್ತ ನೆತ್ತಿಗೇರಿತು. ಕುಡಿಯಲು ಹೋದನೋ ಎಂದುಕೊಳ್ಳುವಷ್ಟರಲ್ಲಿ, ರಸ್ತೆಯಾಚೆ ಕಬ್ಬಿಣದ ಸಾಮಾನಿನ ಅಂಗಡಿಯಿಂದ ಅವನು ಇಳಿಯುವುದು ಕಂಡಿತು. ಆ ಅಂಗಡಿಯ ಮುಂದೆ ಮಚ್ಚು ಕುಡುಗೋಲುಗಳನ್ನು ಸಾಲಾಗಿ ತೂಗುಹಾಕಿದ್ದರು. ಅವನ ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಪೊಟ್ಟಣ. ಜಯಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನಾಗರಾಜೂ, ಏನ್ ತಂದ್ರಿ ಅದು?” ಎಂದೆ.

ಅವನು ಪುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಪೊಟ್ಟಣ ಬಿಚ್ಚಿದ. ಒಂದು ಚಿಲಕ, ಸ್ಕ್ರೂಗಳು.

“ಎಷ್ಟೆತ್ರಕ್ಕೆ ಆಕ್ಲಿ ಕಣವ್ವ?” ಎಂದು ಕೇಳಿದ. ಅಷ್ಟು ದಿನದ ಮೇಲೆ ಅವನು ಮಗಳ ಜೊತೆ ಆಡಿದ ಮೊದಲ ಮಾತು ಅದು. ಚಿಲಕವನ್ನು ಅವಳತ್ತ ಹಿಡಿದ. “ನಿನ್ ಮ್ಯಾಲೆ ನಂಗೆ ಕ್ವಾಪ ಇಲ್ಲ ಕಣವ್ವ.”

ಪುಟ್ಟಿ ಅಂಗೈಯನ್ನು ಭುಜಕ್ಕೆ ಹಿಡಿದು ತೋರಿಸಿದಳು. ಬಸ್‌ಸ್ಟ್ಯಾಂಡಿನ ನಡುವೆ ನಾನು ಅಳುತ್ತ ನಿಂತೆ, ನಾಚಿಕೆಯಾಗಲಿಲ್ಲ.

ಮುಂದಿನ ಬಸ್ಸಿನಲ್ಲಿ ಪುಟ್ಟಿ ಅಪ್ಪನ ಪಕ್ಕ ಕೂತಳು. ಕೋಳಿ ಹಿಡಿದಿದ್ದವನೊಬ್ಬ ವಾಡಿಕೆಯಂತೆ, ಎಲ್ಲಿಗೆ ಹೋಗಿದ್ರಿ ಎಂದು ಕೇಳಿದ. ಹಲ್ಲೋ ಕಣ್ಣೋ ಎಂದು ನಾನು ತಡವರಿಸುತ್ತಿದ್ದೆ. “ಕೆ.ಆರ್. ನಗರಕ್ಕೆ. ಒಸಿ ಕೆಲ್ಸ ಇತ್ತು,” ಎಂದು ಪುಟ್ಟಿಯೇ ಹೇಳಿ ಕಿಟಕಿಯ ಕಡೆ ತಿರುಗಿದಳು.

ಊರು ಸೇರುವಾಗ ದೀಪ ಹಚ್ಚುವ ಹೊತ್ತು. ಅವರ ಮನೆಯ ಒಳಕೋಣೆಗೆ ಬಾಗಿಲಿದ್ದರೂ ಒಳಗಿನಿಂದ ಹಾಕಿಕೊಳ್ಳಲು ಏನೂ ಇರಲಿಲ್ಲ. ಯಾರು ಬೇಕಾದರೂ ನೂಕಿಕೊಂಡು ಒಳಗೆ ಬರುತ್ತಿದ್ದರು. ಪುಟ್ಟಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ನಾಗರಾಜು ಬಳಪದಲ್ಲಿ ಗುರುತು ಮಾಡಿ ಚಿಲಕ ಜಡಿದ. ಅವಳು ಒಳಗೆ ಹೋಗಿ ಹಾಕಿಕೊಂಡಳು. ಅಷ್ಟರಲ್ಲಿ ನಾವು ಬಂದದ್ದು ತಿಳಿದು ಹಾಲಿನವಳು, ಓರಗಿತ್ತಿ ಎಲ್ಲ ಬಂದರು. ಅಜ್ಜಿ ಬಾಗಿಲು ಬಡಿಯಲು ಹೋದಳು.

“ಬುಡವ್ವ,” ಎಂದ ನಾಗರಾಜು. “ಅವಳೇ ತೆಗೀತಾಳೆ.”

ಭಾನುವಾರ ಅವನು ಕಟ್ಟೆಗೆ ಒಬ್ಬನೇ ಹೋದ. “ನನ್ ಮಗ್ಳು ಏಳ್ಬೇಕಾದೋರ್ಗೆ ಏಳವ್ಳೆ. ಅವಳು ಏಳಿದ್ದು ದಿಟ. ಇನ್ನೇನಿದ್ರೂ ಕೋರ್ಟ್ನಲ್ಲಿ,” ಎಂದಷ್ಟೇ ಹೇಳಿ ಬಂದ. ಆ ಬ್ಯಾರನ್ನಿನ ಕೂಲಿ ನಿಂತಿತು. ಕೇಸು ಬೇಗ ಮುಗಿಯಲಿಲ್ಲ. ಆದರೆ ಕೋರ್ಟಿಗೆ ಹೋದ ಪ್ರತಿ ಸಲವೂ ಸರೋಜಾ ಮೇಡಂ ಮೆಟ್ಟಿಲ ಬಳಿ ನಮಗಿಂತ ಮೊದಲೇ ಬಂದು ನಿಂತಿರುತ್ತಿದ್ದರು. ಅವರ ಋಣವನ್ನು ಯಾವ ಜನ್ಮದಲ್ಲಿ ತೀರಿಸುತ್ತೇವೋ ಗೊತ್ತಿಲ್ಲ.

ಪುಟ್ಟಿ ಈಗ ಹೈಸ್ಕೂಲು ಮುಗಿಸಿದ್ದಾಳೆ, ನನಗಿಂತ ಎತ್ತರ. ಚಿಲಕವನ್ನು ಮೇಲಕ್ಕೆ ಹಾಕಿಕೊಡಲೇ ಎಂದು ನಾಗರಾಜು ಒಂದೆರಡು ಸಲ ಕೇಳಿದ. ಬೇಡ ಎಂದಳು. ಮೊನ್ನೆ ಹೋದಾಗ ನೋಡಿದೆ, ಬಗ್ಗಿ ಚಿಲಕ ಹಾಕಿಕೊಂಡು ಓದುತ್ತಿದ್ದಳು. ನಾನು ಹೊರಗೆ ಚಾಪೆ ಹಾಸಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅವಳೇ ಬಾಗಿಲು ತೆಗೆದು, “ದೊಡ್ಡವ್ವ, ಯಾವಾಗ್ ಬಂದೆ?” ಎಂದಳು.