ಹೊಸ ವರ್ಷನ್ ಮತ್ತು ಮುನವ್ವರ್ ಬೀಯ ಕೀಲಿಕೈಗಳು

ವಿಶಾಖಾಳ ಮುತ್ತಜ್ಜ ಮಟಮಾರಿಯ ರಾಮಲಿಂಗಪ್ಪ, ನಿಜಾಮರ ಕಾಲದಲ್ಲಿ ಹೊಲ ಅಳೆಯುವ ಸರಪಳಿ ಎಳೆದವನು. ಒಮ್ಮೆ ಜಾಲಿ ಮುಳ್ಳಿನ ದಿಬ್ಬ ಅಡ್ಡ ಬಂತು. ಅಳತೆಯ ಗುಮಾಸ್ತ ನೆರಳಲ್ಲಿ ಕೂತು, “ಅಂದಾಜು ಬರಕೊಂತೀನಿ, ಬಾರೋ ಇತ್ತ” ಎಂದ. ರಾಮಲಿಂಗಪ್ಪ ಬರಲಿಲ್ಲ. ಸರಪಳಿ ಹಿಡಿದು ಮುಳ್ಳಿನೊಳಗೇ ನುಗ್ಗಿ ಆಚೆ ಬದಿಗೆ ಹೊರಬಿದ್ದ. ಧೋತರದ ಅರ್ಧ ಮುಳ್ಳಿನಲ್ಲೇ ಉಳಿಯಿತು. ಅವನ ಮಗ ಹುಸೇನಪ್ಪ ಕಾಲುವೆ ಅಗೆಯುವಲ್ಲಿ ಇನ್ನೂರು ಆಳಿನ ಹಾಜರಿಯನ್ನು ಕಾಗದವಿಲ್ಲದೆ ಬಾಯಲ್ಲೇ ಕೂಗುತ್ತಿದ್ದ. ಒಬ್ಬ ಕಡಿಮೆಯಾದರೂ ದನಿ ಅಲ್ಲೇ ನಿಲ್ಲುತ್ತಿತ್ತು. ಹುಸೇನಪ್ಪನ ಮಗಳು ಕನಕಮ್ಮ ಆ ಓಣಿಯಲ್ಲಿ ಏಳನೇ ಇಯತ್ತೆ ಪಾಸಾದ ಮೊದಲ ಹೆಣ್ಣು. ಜನಗಣತಿ ಬಂದಾಗ ಮಾಸ್ತರರ ಹಿಂದೆ ಹೋಗಿ ಬಾಗಿಲುಗಳ ಮೇಲೆ ಕೆಮ್ಮಣ್ಣಿನಿಂದ ನಂಬರು ಬರೆದವಳು. ಊರ ಹೊರಗಿನ ಗುಡಿಸಲುಗಳನ್ನು ಬಿಟ್ಟು ಮಾಸ್ತರರು ಹೊರಟರೆ, ಸೆರಗು ಬಿಗಿದು ಅಲ್ಲೇ ದಾರಿಗಡ್ಡ ನಿಂತುಬಿಡುತ್ತಿದ್ದಳು.

ಆ ಕನಕಮ್ಮನ ಮಗಳು ವಿಶಾಖಾ. ಈಗ ನಲವತ್ತೆಂಟು ತುಂಬಿದೆ. ರಾಯಚೂರಿನ ಸ್ಟೇಷನ್ ರಸ್ತೆಯ ಸಮೀಕ್ಷಾ ಸಂಸ್ಥೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಕೆಲಸ. ಹಳ್ಳಿಗಳಿಂದ ಬಂದ ಉತ್ತರಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿ ಕೋಷ್ಟಕ ತೆಗೆಯುತ್ತಾಳೆ. ಟೈಪ್ ಮಾಡಲು ಸೇರಿದವಳು. ಕೋಷ್ಟಕ ತೆಗೆಯುವ ವಿದ್ಯೆಯನ್ನು ಯಾರೂ ಕಲಿಸಲಿಲ್ಲ. ಹಳೆಯ ಸಾಫ್ಟ್‌ವೇರಿನ ಒಂದೊಂದೇ ಗುಂಡಿ ಒತ್ತಿ, ಎಡವಿ, ತಿದ್ದಿಕೊಂಡು ಕಲಿತಳು. ಕಲಿತದ್ದನ್ನೆಲ್ಲ ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ಬರೆದಿಟ್ಟಳು. ಕೂತಲ್ಲಿ ಕೂರುವ ಗುಣ ಮಾತ್ರ ಆ ಮನೆತನಕ್ಕೇ ಇಲ್ಲ. ಒಂದು ಕೋಷ್ಟಕ ಬರುವಷ್ಟರಲ್ಲಿ ಮೂರು ಸಲ ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಾಳೆ.

ಈ ಮಾರ್ಚಿನಲ್ಲಿ ಕಲಬುರಗಿಯ ಮುಖ್ಯ ಕಚೇರಿಯಿಂದ ಹುಕುಂ ಬಂತು: ಸಾಫ್ಟ್‌ವೇರಿನ ಹಳೆ ವರ್ಷನ್ ಬಂದ್, ಇನ್ನು ಎಲ್ಲರೂ ಹೊಸದರಲ್ಲೇ ಕೆಲಸ ಮಾಡಬೇಕು. ಬಂದದ್ದೂ ಎಂಥ ಹೊತ್ತಿನಲ್ಲಿ! ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಕೂಲಿಗಾಗಿ ಊರು ಬಿಟ್ಟು ಗುಳೆ ಹೋಗುವ ಮನೆಗಳ ಸಮೀಕ್ಷೆ ಮುಗಿದು, ವರದಿ ಕೊಡುವುದಷ್ಟೇ ಬಾಕಿ ಇತ್ತು. ಗುಳೆ ಮನೆಗಳ ಮಕ್ಕಳು ಐವತ್ತು ಇರುವ ಊರಿಗೆ ಮುಂದಿನ ಹಂಗಾಮಿನಿಂದ ವಸತಿ ಕೇಂದ್ರ ಕೊಡುತ್ತಾರೆ. ಅಪ್ಪ ಅವ್ವ ಪುಣೆಗೋ ಹೈದರಾಬಾದಿಗೋ ಹೊರಟರೂ ಮಕ್ಕಳು ಊರಲ್ಲೇ ಉಂಡು ಶಾಲೆಗೆ ಹೋಗಬಹುದು. ಐವತ್ತಕ್ಕೆ ಒಂದು ಕಡಿಮೆಯಾದರೂ ಇಲ್ಲ. ವರದಿ ಶುಕ್ರವಾರ ಸಂಜೆ ಐದಕ್ಕೆ ಹೋಗಬೇಕು.

ಗುರುವಾರ ಬೆಳಿಗ್ಗೆ ಹೊಸ ವರ್ಷನ್ನಿನಲ್ಲಿ ಮೊದಲ ಕೋಷ್ಟಕ ಬಂತು. ದೇವದುರ್ಗ ತಾಲ್ಲೂಕಿನ ಮಸರಕಲ್ಲಿನ ಮುಂದೆ ಮಕ್ಕಳು ಇಪ್ಪತ್ತೊಂಬತ್ತು. ವಿಶಾಖಾ ನೀಲಿ ನೋಟುಬುಕ್ಕು ತೆರೆದಳು. ಹೋದ ವಾರ ಹಳೆಯದರಲ್ಲಿ ತೆಗೆದಾಗ ಐವತ್ತೆಂಟು ಇತ್ತು.

ಆ ಊರುಗಳನ್ನು ತಿರುಗಿ ಉತ್ತರ ತಂದವನು ಶೇಖರ, ಮಾನ್ವಿಯವನು. ಅವನನ್ನು ಕರೆದು ಪರದೆ ತೋರಿಸಿದಳು.

“ಅರ್ಧಕ್ಕರ್ಧ ಮಕ್ಕಳು ಎಲ್ಲಿ ಹೋದವೋ?”

“ನಾನಂತೂ ಮುಟ್ಟಿಲ್ರಿ ಅಕ್ಕೋರ. ನಿಮ್ಮ ಹೊಸ ಸೊಸಿನ್ನ ಕೇಳ್ರಿ” ಎಂದು ಅವನು ಕಂಪ್ಯೂಟರಿನತ್ತ ಗದ್ದ ಎತ್ತಿದ.

ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ನಕಲು ನಮೂನೆಗಳನ್ನು ಕೈಬಿಡಲಾಗಿದೆ. ಪಟ್ಟಿ ತೆರೆದರೆ ಮಸರಕಲ್ಲಿನವೇ ಹದಿನೆಂಟು. ಎಲ್ಲದರಲ್ಲೂ ಮಾಹಿತಿ ಕೊಟ್ಟವರ ಹೆಸರು ಮುನವ್ವರ್ ಬೀ, ಫೋನ್ ನಂಬರೂ ಅವಳದೇ. ಹತ್ತೊಂಬತ್ತು ನಮೂನೆಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಹೊಸ ವರ್ಷನ್ ನಕಲೆಂದು ಆಚೆ ಹಾಕಿತ್ತು.

ಒಬ್ಬರ ಹೆಸರಲ್ಲಿ ಹಲವು ಮನೆ ಬರೆಯುವ ಪದ್ಧತಿ ಹಾಕಿಕೊಟ್ಟವಳೇ ವಿಶಾಖಾ. ಗುಳೆ ಹೋಗುವವರು ಮನೆಗೆ ಕೀಲಿ ಜಡಿದು, ಕೀಲಿಕೈಯನ್ನು ನಂಬಿಕೆಯ ಒಬ್ಬರ ಕೈಗೆ ಕೊಟ್ಟು ಹೋಗುತ್ತಾರೆ. ಅಮಾವಾಸ್ಯೆಗೊಮ್ಮೆ ಅಂಗಳ ಗುಡಿಸುವುದೂ ಅವರ ಪಾಲಿನ ಕೆಲಸ. “ಕೀಲಿ ಬಿದ್ದ ಮನಿ ಬಿಡಬ್ಯಾಡ್ರಿ, ಕೀಲಿಕೈ ಹಿಡದವರನ್ನ ಕೇಳಿ ಅವರ ಹೆಸರು ಬರೀರಿ” ಎಂದು ಹುಡುಗರಿಗೆ ಹೇಳಿಕೊಟ್ಟಿದ್ದಳು. ಮನೆ ಯಜಮಾನನ ಹೆಸರಿನ ಅಂಕಣವನ್ನು ಮೇಲಿನವರು ತೆಗೆದಿದ್ದರು. ಮುನವ್ವರ್ ಬೀ ಕೀಲಿಕೈ ಹಿಡಿದ ಕೇರಿಯ ಮನೆಗಳಿಗೆ ನಂಬರೂ ಇರಲಿಲ್ಲ.

“ಹತ್ತೊಂಬತ್ತು ಸಂಸಾರ ಒಬ್ಬಾಕಿ ತಲಿಗೆ ಕಟ್ಟೀವಲ್ರಿ ಅಕ್ಕೋರ!” ಶೇಖರ ನಕ್ಕ.

“ಹಲ್ಲು ಕಿಸೀಬ್ಯಾಡಲೇ.”

ಕಲಬುರಗಿಯಲ್ಲಿ ಹೊಸ ಸಾಫ್ಟ್‌ವೇರ್ ನೋಡಿಕೊಳ್ಳುವವರು ಬಸವಪ್ರಸಾದ. ಫೋನ್ ಮಾಡಿದಾಗ, “ನಕಲು ತೆಗಿಯೋದನ್ನ ಬಂದ್ ಮಾಡ್ರಿ ಮೇಡಂ, ಎಲ್ಲಾ ತಿರುಗಿ ಬರ್ತಾವ” ಎಂದರು. ಮಾಡಿದಳು. ಮಸರಕಲ್ಲಿನ ಮುಂದೆ ಐವತ್ತೆಂಟು ಮೂಡಿತು. ಉಸಿರು ಬಿಡುವಷ್ಟರಲ್ಲಿ ಮಾನ್ವಿಯ ಊರುಗಳ ಲೆಕ್ಕವೂ ಏರಿತು. ಒಂದೇ ಮನೆ, ಒಂದೇ ಉತ್ತರ, ಎರಡೆರಡು ಸಲ.

“ಅದು ಸಿಗ್ನಲ್ ಇರಲಿಲ್ರಿ. ಹೋತೋ ಇಲ್ಲೋ ಅಂತ ಎರಡು ಸಲ ಒತ್ತಿದ್ದೆ” ಎಂದು ಶೇಖರ ತಲೆ ಕೆರೆದುಕೊಂಡ.

“ಮಸರಕಲ್ದಾಗ?”

“ಒತ್ತಿರಬಹುದು. ನೆಪ್ಪಿಲ್ಲ.”

ಮಾನ್ವಿಯವರ ಹೆಸರು, ನಂಬರು ಬೇರೆ ಬೇರೆ ಇದ್ದುದರಿಂದ ನಕಲುಗಳು ಸುಲಭವಾಗಿ ಸಿಕ್ಕವು. ಮುನವ್ವರ್ ಬೀಯ ಹತ್ತೊಂಬತ್ತರಲ್ಲಿ ಮಾತ್ರ ಆರು ನಮೂನೆಗಳು ಅಚ್ಚೊತ್ತಿದಂತೆ ಒಂದೇ ಥರ ಇದ್ದವು: ಗಂಡ, ಹೆಂಡತಿ, ಎರಡು ಮಕ್ಕಳು. ಅವು ಆರು ಮನೆಗಳೋ, ಒಂದೇ ಮನೆಯೋ? ಹೊಸ ವರ್ಷನ್ನನ್ನು ಬೈಯುತ್ತ ಕೂತಿದ್ದ ವಿಶಾಖಾಳಿಗೆ ಈಗ ಹಳೆಯದರ ಮೇಲೂ ಸಿಟ್ಟು ಬಂತು. ಇಪ್ಪತ್ತು ವರ್ಷ ಅದು ನಕಲುಗಳನ್ನು ತುಟಿ ಪಿಟಕ್ಕೆನ್ನದೆ ಕೂಡಿಸುತ್ತಾ ಬಂದಿತ್ತು. ನೀಲಿ ನೋಟುಬುಕ್ಕಿನ ಎಷ್ಟು ಪುಟಗಳಲ್ಲಿ ಇಂಥ ಲೆಕ್ಕ ಕೂತಿದೆಯೋ ಎಂಬುದು ಗುಂಗೀಹುಳದಂತೆ ತಲೆ ಕೊರೆಯಿತು.

ಬಸವಪ್ರಸಾದರು ಮತ್ತೆ ಫೋನಿಗೆ ಬಂದರು. “ಅದಕ್ಯಾಕ ಇಷ್ಟು ತಲಿ ಕೆಡಿಸ್ಕೋತೀರಿ? ಎರಡೂ ಲೆಕ್ಕದ ನಡುವಿನ ಅಂದಾಜು ಹಾಕಿಬಿಡ್ತೀನಿ. ನಲವತ್ತಮೂರೋ ನಲವತ್ತನಾಕೋ ಆಗ್ತದ.”

“ಐವತ್ತಕ್ಕ ಕಡಿಮಿ ಬಿದ್ರ ಆ ಊರಿಗೆ ಕೇಂದ್ರ ಬರಂಗಿಲ್ರಿ ಸರ್.”

“ಅದು ನಮ್ಮ ಕೈಯಾಗಿಲ್ಲ ಮೇಡಂ.”

ಶುಕ್ರವಾರ ಬೆಳಿಗ್ಗೆ ವಿಶಾಖಾ ದೇವದುರ್ಗದ ಮೊದಲ ಬಸ್ಸು ಹತ್ತಿದಳು. ಸೀಟು ಖಾಲಿ ಇದ್ದರೂ ಬಾಗಿಲ ಬಳಿ ಕಂಬ ಹಿಡಿದು ನಿಂತೇ ಇದ್ದಳು. ಕಂಡಕ್ಟರ್ ಎರಡು ಸಲ ಕೂರಲು ಹೇಳಿದ. ಮಸರಕಲ್ಲಿನಲ್ಲಿ ಇಳಿದವಳೇ, ಬಿಸಿಲಲ್ಲಿ ಸೆರಗು ತಲೆಗೆಳೆದುಕೊಂಡು ಕೇರಿಗೆ ನಡೆದಳು.

ಮುನವ್ವರ್ ಬೀ ಕಟ್ಟೆಯ ಮೇಲೆ ಕೂತು ಜ್ವಾಳ ಹಸನು ಮಾಡುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ದೊಡ್ಡ ದನಿ.

“ಬಾ ಯವ್ವಾ, ಚಾ ಕುಡೀತಿಯೇನು?”

“ಚಾ ಆಮ್ಯಾಲ ಬೀ. ಮನಿ ಎಣಸಾಕ ಬಂದೀನಿ.”

“ನಿಮ್ಮ ಹುಡುಗ ಎಣಿಸಿದ್ನಲ್ಲ?”

“ನಮ್ಮ ಕಂಪ್ಯೂಟರು ನಿಮ್ಮ ಕೈಯಾಗಿನ ಮನಿ ಅಷ್ಟೂ ಒಂದ ಮಾಡ್ಯದ.”

“ಒಂದ ಮಾಡಿದ್ರ ಛಲೋನ ಆತು ಬಿಡು. ನನಗ ಕಸ ಹೊಡಿಯೋದು ತಪ್ಪತದ!” ಎಂದು ನಕ್ಕು, ಬಾಗಿಲ ಹಿಂದಿನ ಮೊಳೆಯಿಂದ ಹಗ್ಗ ತೆಗೆದಳು. ಹಗ್ಗದ ತುಂಬ ಕೀಲಿಕೈಗಳು, ಒಂದೊಂದಕ್ಕೂ ಬೇರೆ ಬಣ್ಣದ ಚಿಂದಿ. “ಕೆಂಪು ಚಿಂದಿ ನಾಗೇಶಂದು, ಪುಣೆಕ್ಕ ಹೋಗ್ಯಾನ, ಎರಡು ಕೂಸು. ಹಸಿರು ಹಣಮಮ್ಮಂದು. ಆಕಿ ಹೋಗುವಾಗ ಕೋಳಿನೂ ನನ್ನ ಕೊರಳಿಗೆ ಕಟ್ಟಿ ಹೋದ್ಳು ನೋಡು.”

ವಿಶಾಖಾ ಬಾಯಿಲೆಕ್ಕ ಒಪ್ಪಲಿಲ್ಲ. ಇಬ್ಬರೂ ಮನೆ ಮನೆಗೆ ಹೋದರು. ಮುನವ್ವರ್ ಬೀ ಪ್ರತಿ ಬಾಗಿಲಿಗೂ ಕೀಲಿಕೈ ಹಾಕಿ ತಿರುಗಿಸಿದಳು. ಕೀಲಿ ಬಿಚ್ಚಿಕೊಂಡ ಮೇಲೆಯೇ ವಿಶಾಖಾ ಆ ಮನೆಯ ಮಕ್ಕಳೆಷ್ಟೆಂದು ಕೇಳಿ ಬರೆದುಕೊಂಡು, ಸೀಮೆಸುಣ್ಣದಿಂದ ಬಾಗಿಲಿಗೆ ನಂಬರು ಹಾಕಿದಳು. ಕೊನೆಯ ಬಾಗಿಲಿಗೆ ಹದಿನೇಳು ಬಿತ್ತು. ಗಂಡ, ಹೆಂಡತಿ, ಎರಡು ಮಕ್ಕಳು ಎಂಬ ಮನೆಗಳು ಆರಲ್ಲ, ನಾಲ್ಕು. ಎರಡು ಶೇಖರನ ಬೆರಳಿನ ಪ್ರಸಾದ. ನಾಲ್ಕು ಮಕ್ಕಳು ಕಡಿಮೆಯಾಗಿ ಐವತ್ತೆಂಟು ಐವತ್ತನಾಲ್ಕಾಯಿತು.

ಅವಳು ಚಹಾ ಕುಡಿಯಲು ನಿಲ್ಲಲಿಲ್ಲ. ಬಿಸಿಲಲ್ಲಿ ಓಡುತ್ತಾ ಹೋದವಳನ್ನು ನೋಡಿ ಮುನವ್ವರ್ ಬೀ, “ಕಾಲಿಗೆ ಬೆಂಕಿ ಹತ್ಯದೇನ ಬೇ ನಿನಗ!” ಎಂದು ಕೂಗಿದಳು.

ಕಚೇರಿ ಮುಟ್ಟಿದಾಗ ನಾಲ್ಕು ಗಂಟೆ. ಹದಿನೇಳು ನಮೂನೆಗಳಲ್ಲೂ ಮನೆ ನಂಬರು ಸೇರಿಸಬೇಕು, ಎರಡನ್ನು ಕಾರಣ ಬರೆದು ತೆಗೆಯಬೇಕು, ನಕಲನ್ನು ಮನೆ ನಂಬರಿನಿಂದ ಹಿಡಿಯುವಂತೆ ಹೊಸ ವರ್ಷನ್ನಿಗೆ ಹೇಳಬೇಕು. ಆ ಕೊನೆಯದನ್ನು ಅವಳು ಎಂದೂ ಮಾಡಿರಲಿಲ್ಲ. ಮೊದಲ ಸಲ ತಪ್ಪಿತು. ಎರಡನೆಯ ಸಲ ಪರದೆ ಕೆಂಪಾಯಿತು. ನಾಲ್ಕೂ ಇಪ್ಪತ್ತಕ್ಕೆ ಬಸವಪ್ರಸಾದರ ಫೋನ್ ಬಂತು.

“ಮೇಡಂ, ನಿಮ್ಮ ಪರದಿ ನನ್ನ ಕೈಗೆ ಬಿಡ್ರಿ. ಇಲ್ಲಿಂದನ ಹತ್ತು ನಿಮಿಷದಾಗ ಮಾಡಿ ಕಳಸ್ತೀನಿ. ನೀವು ಬಿಸಿಲಾಗ ಅಡ್ಡಾಡಿ ಬಂದೀರಿ, ಒಂಚೂರು ಕುಂದರ್ರಿ.”

ವಿಶಾಖಾ ಕುರ್ಚಿ ಹಿಂದೆ ತಳ್ಳಿ, ನಿಂತೇ ಮೂರನೆಯ ಸಲ ಒತ್ತತೊಡಗಿದಳು.

“ಬ್ಯಾಡ್ರಿ ಸರ್. ಇವತ್ತು ನೀವು ಮಾಡಿಕೊಟ್ರ ನಾಳಿನ ಊರಿಗೂ ನಿಮ್ಮನ್ನ ಕರೀಬೇಕಾಗ್ತದ. ಇನ್ನೂ ನಲವತ್ತು ನಿಮಿಷ ಅದ. ಹದಿನೇಳು ಬಾಗಲಾ ನಾನು ಕಂಡು ಬಂದೀನಿ, ನಾನ ಕೂಡಸ್ತೀನಿ. ಫೋನ್ ಇಡ್ರಿ ಈಗ.”