ಚೀಟಿಯಲ್ಲಿ ಬರೆಯದ ಖರ್ಚು

ಹನ್ನೊಂದು ಗಂಟೆಯಾದರೂ ರಬ್ಬರ್ ಸ್ಟ್ಯಾಂಪ್ ಅಂಗಡಿಯ ಶಟರ್ ಅರ್ಧವೇ ಮೇಲೆದ್ದಿತ್ತು. ರಿಪೇರಿ ಅಕ್ಕ ಬಗ್ಗಿ ಒಳಗೆ ಹೋದಳು.

ಆ ಬೀದಿಯ ಕಂಪ್ಯೂಟರುಗಳಿಗೆಲ್ಲ ಹದಿನಾರು ವರ್ಷದಿಂದ ಅವಳೇ ವೈದ್ಯೆ. ಹತ್ತು ದಿನದ ಹಿಂದೆ ಈ ಅಂಗಡಿಗೊಂದು ಚೀಟಿ ಬರೆದುಕೊಟ್ಟಿದ್ದಳು. ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ. ಅದರ ಹೊಸ ಆವೃತ್ತಿ ಬೇಕೆಂದರೆ ಲೈಸೆನ್ಸ್ ಅಷ್ಟೇ ಅಲ್ಲ, ಯಂತ್ರವನ್ನೂ ಹೊಸದಾಗಿ ಕೊಳ್ಳಬೇಕು. ಉಚಿತ ಸಿಸ್ಟಮ್ ಹಾಕಿಕೊಂಡರೆ ಇರುವ ಯಂತ್ರವೇ ಇನ್ನೂ ಐದು ವರ್ಷ ಓಡುತ್ತದೆ. ಖರ್ಚಿನ ಜಾಗದಲ್ಲಿ ದುಂಡನೆಯ ಸೊನ್ನೆ. “ಸೊನ್ನೆ ಅಂದ್ಮೇಲೆ ಯೋಚನೆ ಏನು, ಹಾಕ್ಬಿಡಮ್ಮ” ಎಂದು ಯಜಮಾನರ ಹೆಂಡತಿ ಮುಖ ಅರಳಿಸಿದ್ದರು. ರಿಪೇರಿ ಅಕ್ಕ ಅವತ್ತೇ ಹಳೆಯ ಡಿಸ್ಕ್ ಬಿಚ್ಚಿ, ತನ್ನ ಬಳಿಯಿದ್ದ ಇನ್ನೊಂದರಲ್ಲಿ ಉಚಿತ ಸಿಸ್ಟಮ್ ಹಾಕಿ ಕೂರಿಸಿ ಹೋಗಿದ್ದಳು.

ಈಗ ಆ ಅರಳಿದ ಮುಖ ಬಾಡಿತ್ತು. “ಅಂಗಡಿ ಮುಚ್ಚಿಬಿಡೋಣ ಅಂತಿದಾರೆ ಕಣಮ್ಮ ಇವ್ರು” ಎಂದು ದನಿ ತಗ್ಗಿಸಿದರು.

ಯಜಮಾನರು ಪರದೆಯ ಮುಂದೆ ಕೂತಿದ್ದರು. ಲಕ್ವ ಹೊಡೆದ ಬಲಗೈ ಎರಡು ವರ್ಷದಿಂದ ತೊಡೆಯ ಮೇಲೆಯೇ ಇರುತ್ತದೆ.

“ಬನ್ನಿ ಡಾಕ್ಟ್ರಮ್ಮ. ಪೇಷೆಂಟ್ ಕಂಪ್ಯೂಟರಲ್ಲ, ನಾನು.”

“ಏನಾಯ್ತು ಯಜಮಾನ್ರೇ?”

“ಏನೂ ಆಗ್ತಿಲ್ಲ, ಅದೇ ಕಾಯಿಲೆ. ಈ ಹೊಸದ್ರಲ್ಲಿ ಮೂರು ದಿನಕ್ಕೆ ಒಂದು ಸ್ಟ್ಯಾಂಪು.”

ಎಲ್ಲಿಗೆ ಹೋದರೂ ಮೊದಲು ಸ್ಟೂಲು ಎಳೆದುಕೊಂಡು ಅರ್ಧ ಗಂಟೆ ಸುಮ್ಮನೆ ಕೆಲಸ ನೋಡುವುದು ರಿಪೇರಿ ಅಕ್ಕನ ಪದ್ಧತಿ. ಚೆನ್ನಾಗಿ ಬಲ್ಲ ಅಂಗಡಿಯೆಂದು ಅವತ್ತು ಇಲ್ಲಿ ಮಾತ್ರ ಕೂತಿರಲಿಲ್ಲ. ಈಗ ಕೂತಳು. ಯಜಮಾನರ ಎಡಗೈ ಮೌಸನ್ನು ಸರಕ್ಕನೆ ಪರದೆಯ ಮೇಲಿನ ಮೂಲೆಗೆ ಒಯ್ದಿತು. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವ ಗುಂಡಿ ಹಳೆಯದರಲ್ಲಿ ಅಲ್ಲಿತ್ತು. ಈಗ ಇರಲಿಲ್ಲ. ಕೈ ಅಲ್ಲೇ ತಡವರಿಸಿತು, ಹಿಂದೆ ಬಂತು, ಮತ್ತೆ ಅಲ್ಲಿಗೇ ಹೋಯಿತು.

“ಎಡಗೈ ಪಳಗೋಕೆ ಎಷ್ಟು ದಿನ ಹಿಡೀತು?”

“ಒಂದು ವರ್ಷ” ಎಂದರು ಹೆಂಡತಿ. “ಮೊದಲನೇ ಸ್ಟ್ಯಾಂಪ್ ಆದ ದಿನ ಮಗು ಥರ ಕುಣಿದ್ರು.”

“ಕುಣಿದಿದ್ದು ನೀನು. ನಾನು ಕೂತೇ ಇದ್ದೆ.”

ರಿಪೇರಿ ಅಕ್ಕ ನಾಲಿಗೆ ಕಚ್ಚಿಕೊಂಡಳು. ಗೋಡೆಯ ಮೊಳೆಯಿಂದ ತನ್ನ ಚೀಟಿಯನ್ನು ತೆಗೆದು, ಸೊನ್ನೆಯ ಮೇಲೆ ಗೆರೆ ಎಳೆದು, ‘ಯಜಮಾನರ ಒಂದು ವರ್ಷ’ ಎಂದು ಬರೆದಳು.

“ತಪ್ಪು ನಂದು. ಲೆಕ್ಕ ಹಾಕುವಾಗ ನಿಮ್ಮ ಕೈನೇ ಮರೆತೆ. ಹಳೇ ಡಿಸ್ಕ್ ಹಾಗೇ ಇದೆ.”

ಬಿಚ್ಚಿದ ಯಾವ ಡಿಸ್ಕನ್ನೂ ಅವಳು ಅಳಿಸುವವಳಲ್ಲ. ಪೇಪರಿನಲ್ಲಿ ಸುತ್ತಿ, ಅಂಗಡಿಯ ಹೆಸರು ಬರೆದು ಇಟ್ಟಿರುತ್ತಾಳೆ. ಮಧ್ಯಾಹ್ನದೊಳಗೆ ಅದನ್ನು ತಂದು ಕೂರಿಸಿದಳು. ಅಪ್‌ಡೇಟ್ ಇಲ್ಲದ ಯಂತ್ರಕ್ಕೆ ಹೊರಗಿನಿಂದ ವೈರಸ್ ನುಗ್ಗದಿರಲೆಂದು ಇಂಟರ್‌ನೆಟ್ ತಂತಿಯನ್ನು ಕಿತ್ತು ಸುತ್ತಿಟ್ಟಳು. ಉಚಿತ ಸಿಸ್ಟಮನ್ನು ಮನೆಯಲ್ಲಿದ್ದ ಹೆಂಡತಿಯ ಹಳೆಯ ಲ್ಯಾಪ್‌ಟಾಪಿಗೆ ಹಾಕಿದಳು. ಈಮೇಲು, ಆರ್ಡರು ಎಲ್ಲ ಇನ್ನು ಅಲ್ಲಿಗೆ.

“ಅಂದ್ರೆ ಹೊರಗಿನ ಸುದ್ದಿ ಇನ್ನು ನನಗೆ ಬರಲ್ವಾ?” ಎಂದರು ಯಜಮಾನರು.

“ನಾನಿಲ್ವಾ?” ಎಂದರು ಹೆಂಡತಿ.

“ಹಾಗಾದ್ರೆ ನೆಟ್‌ಗಿಂತ ಜಾಸ್ತೀನೇ ಬರುತ್ತೆ.”

ಎಡಗೈ ಮೂಲೆಗೆ ಹೋಯಿತು. ಗುಂಡಿ ಸಿಕ್ಕಿತು. ಅಕ್ಷರಗಳು ಮಗ್ಗುಲು ಬದಲಿಸಿದವು. ಹೆಂಡತಿ ಹೋಗಿ ಶಟರನ್ನು ಪೂರ್ತಿ ಎತ್ತಿದರು.

ಸೋಮವಾರ ಒಂದು ಶಾಲೆಗೆ ಹನ್ನೆರಡು ಸ್ಟ್ಯಾಂಪು ಕೊಡಬೇಕಿದೆ.