ನಾಲ್ಕು ಗಂಟೆಯ ದೀಪ

ಬರ್ಮಿಂಗ್‌ಹ್ಯಾಮಿಗೆ ಬಂದ ಮೂರನೆಯ ದಿನ, ನವೆಂಬರ್ ಇಪ್ಪತ್ತಾರು, ಮಧ್ಯಾಹ್ನ ಊಟ ಮಾಡಿ ಮಲಗಿದವಳು ಎದ್ದು ನೋಡಿದರೆ ಹೊರಗೆ ಬೆಳಕು ಹೋಗುತ್ತಿತ್ತು. ಗಾಬರಿಯಾಗಿ ಗಡಿಯಾರ ನೋಡಿದೆ. ಇನ್ನೂ ನಾಲ್ಕೂ ಆಗಿರಲಿಲ್ಲ. ಕಿಟಕಿಗೆ ಬಂದು ನಿಂತೆ. ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳು ಬೀದಿಯ ಎರಡೂ ಬದಿಗೆ ಸಾಲಾಗಿ ನಿಂತಿದ್ದವು. ಒಂದು ಬಾಗಿಲೂ ತೆರೆದಿರಲಿಲ್ಲ, ಒಂದು ಧ್ವನಿಯೂ ಇರಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಮೇಲಿನ ಕಿಟಕಿಯಲ್ಲಿ ದೀಪ ಹತ್ತಿತು. ಹಚ್ಚಿದ ಕೈ ಕಾಣಲಿಲ್ಲ, ಯಾವ ನೆರಳೂ ಅಲುಗಲಿಲ್ಲ. ತೆಳುವಾದ ಪರದೆಯ ಹಿಂದೆ ಹಳದಿ ಬೆಳಕೊಂದು ಸುಮ್ಮನೆ ಬಂದು ಕುಳಿತಂತಿತ್ತು.

ನಾನು ಕೈ ಮುಗಿದೆ.

ಗದಗಿನ ನಮ್ಮ ಮನೆಯಲ್ಲಿ ಮುಸ್ಸಂಜೆಗೆ ಯಾರು ದೀಪ ಹಚ್ಚಿದರೂ ಅಲ್ಲಿದ್ದವರೆಲ್ಲ ಕೈ ಮುಗಿಯುತ್ತಾರೆ. ವಿದ್ಯುತ್ ದೀಪದ ಗುಂಡಿ ಒತ್ತಿದರೂ ಅಷ್ಟೇ. ಅದು ಭಕ್ತಿಯಲ್ಲ, ಕೈಯ ರೂಢಿ. ಆ ಹೊತ್ತಿಗೆ ಲಕ್ಷ್ಮಿ ಬರುತ್ತಾಳೆಂದು ತಲೆಬಾಗಿಲನ್ನು ತೆರೆದಿಡುತ್ತೇವೆ. ಇಲ್ಲಿ ಅದೇ ಹೊತ್ತಿಗೆ ಮನೆಮನೆಯಲ್ಲೂ ದಪ್ಪ ಪರದೆ ಎಳೆಯುತ್ತಾರೆ, ಒಳಗಿನದು ಹೊರಗೆ ಕಾಣಬಾರದೆಂದು. ಇಡೀ ಬೀದಿಯಲ್ಲಿ ಆ ಒಂದು ಕಿಟಕಿ ಮಾತ್ರ ನಮ್ಮ ಕಡೆಯ ಮನೆಯಂತೆ ಕಂಡಿತು. ಅಲ್ಲಿ ನಮ್ಮವರೇ ಯಾರೋ ಹಿರಿಯ ಹೆಂಗಸಿದ್ದಾರೆ, ದೀಪ ಹಚ್ಚುವ ಹೊತ್ತು ತಪ್ಪಿಸುವುದಿಲ್ಲ ಎಂದು ತಿಳಿದೆ. ಮರುದಿನದಿಂದ ಆ ಕಿಟಕಿ ಬೆಳಗಿದ ಮೇಲೆಯೇ ನಾನು ನನ್ನ ಹಣತೆ ಹಚ್ಚತೊಡಗಿದೆ.

ನಾನು ಸರ್ಕಾರಿ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬೆಳಗಿನ ಪಾಳಿ ಮುಗಿಸಿ ಮೂರೂವರೆಗೆಲ್ಲ ಮನೆಗೆ ಬಂದಿರುತ್ತಿದ್ದೆ. ಮನೆಯೆಂದರೆ ಶಾಂತಕ್ಕನವರ ಬಾಕ್ಸ್ ರೂಮು. ಮೆಟ್ಟಿಲ ತಲೆಯ ಮೇಲೆ, ಪೆಟ್ಟಿಗೆ ಪೆಠಾರಿ ಇಡಲೆಂದು ಬಿಡುವ ಕೋಣೆಗೆ ಇಲ್ಲಿ ಹಾಗೆನ್ನುತ್ತಾರೆ; ಮಂಚ ಹಾಕಿದರೆ ಬಾಗಿಲು ಅರ್ಧವೇ ತೆರೆಯುತ್ತದೆ. ಶಾಂತಕ್ಕ ಹುಬ್ಬಳ್ಳಿಯವರು. ಅವರ ಗಂಡ, ಈಗ ನಿವೃತ್ತರಾದ ಡಾಕ್ಟರು, ಈ ಬೀದಿಯ ಅರ್ಧ ಜನರಿಗೆ ಜಿಪಿ, ಅಂದರೆ ಮನೆವೈದ್ಯರು, ಆಗಿದ್ದವರು. ಹೋಳಿಗೆ, ರೊಟ್ಟಿ, ಲೆಸ್ಟರ್‌ನಿಂದ ತಂದ ವಿಭೂತಿ, ಯಾವುದಕ್ಕೂ ಆ ಮನೆಯಲ್ಲಿ ಕೊರತೆ ಇರಲಿಲ್ಲ. ಆದರೆ ಕೋಣೆ ನನಗೆ ಏಪ್ರಿಲ್‌ವರೆಗೆ ಮಾತ್ರ. ಡರ್ಬಿಯಲ್ಲಿರುವ ಮಗಳು ಬಾಣಂತನಕ್ಕೆ ಬರುವವಳಿದ್ದಳು. ಅಷ್ಟರೊಳಗೆ ಬೇರೆ ಕೋಣೆ ಹುಡುಕಬೇಕಿತ್ತು, ಅದೂ ಬೆಳಗಿನ ಪಾಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ. ಅಷ್ಟು ಬೇಗ ಇಲ್ಲಿ ಬಸ್ಸು ಹೊರಡುವುದಿಲ್ಲ. ಫೋನ್ ಮಾಡಿದಲ್ಲೆಲ್ಲ ನಾನು ಹೆಸರು ಹೇಳುವಷ್ಟರಲ್ಲಿ ಕೋಣೆ ಹೋಗಿರುತ್ತಿತ್ತು. ಕೇಳಿದ ಕೋಣೆಗಳನ್ನು ದಿನಾಂಕದೊಡನೆ ಬರೆದಿಡುತ್ತಿದ್ದೆ. ಫೆಬ್ರವರಿಗೆ ಇಪ್ಪತ್ತೆರಡಾಯಿತು. ಆಮೇಲೆ ಎಣಿಸುವುದನ್ನು ಬಿಟ್ಟೆ.

ಬೀದಿಗೊಂದು ವಾಟ್ಸ್‌ಆ್ಯಪ್ ಗುಂಪಿತ್ತು. ಶಾಂತಕ್ಕ ನನ್ನನ್ನೂ ಸೇರಿಸಿದರು. "ಈ ಓಣ್ಯಾಗ ಜಗಳ ಮೂರಕ್ಕ ನೋಡವಾ," ಎಂದು ಡಾಕ್ಟರು ಮೊದಲೇ ಹೇಳಿದ್ದರು, "ಕಸದ ಬಿನ್ನು, ಪಾರ್ಕಿಂಗು, ಪಾರಿವಾಳ. ನಾಲ್ಕನೇದು ಬಂದ್ರ ಅದು ನಿಮ್ಮಕ್ಕ ತಂದಿದ್ದು." ಶಾಂತಕ್ಕ ಕೇಳಿಸಿಕೊಳ್ಳದವರಂತೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ್ದರು.

ನಮ್ಮೂರಿನಲ್ಲಿ ನಲ್ಲಿಯ ಮುಂದೆ ಜಗಳವಾದರೆ ಮೂರು ಓಣಿಗೆ ಕೇಳಿಸುತ್ತದೆ. ಕೊಡ ಉರುಳುತ್ತದೆ, ಸತ್ತ ಅತ್ತೆ ಮಾವಂದಿರ ಹೆಸರೂ ಬರುತ್ತದೆ, ನೀರು ಬಂದ ಕೂಡಲೇ ಮುಗಿಯುತ್ತದೆ. ಇಲ್ಲಿಯ ಜಗಳಕ್ಕೆ ದನಿಯಿಲ್ಲ. ಅದು "ಸುಮ್ಮನೆ ಕೇಳುತ್ತಿದ್ದೇನೆ, ಬೇರೆ ಯಾರಾದರೂ ಗಮನಿಸಿದ್ದೀರಾ" ಎಂಬಲ್ಲಿಂದ ಶುರುವಾಗುತ್ತದೆ. ಸಂಜೆಯಿಡೀ ಅಂಗೈಯಲ್ಲಿ ಫೋನು ನಡುಗುತ್ತಿರುತ್ತದೆ, ಕಿಟಕಿಯಿಂದ ನೋಡಿದರೆ ಬೀದಿ ಸ್ಮಶಾನದಂತೆ ಸ್ತಬ್ಧ. ಮರುದಿನ ಅದೇ ಜನ ಎದುರಾಗಿ, ಇವತ್ತು ಮಳೆಯಿಲ್ಲ ನೋಡಿ ಎಂದು ನಗುತ್ತಾರೆ. ಯಾರು ಯಾರನ್ನು ದ್ವೇಷಿಸುತ್ತಾರೆಂದು ಮುಖ ನೋಡಿ ಹೇಳಲಾಗದ ಊರಿಗೆ ನಾನು ಅದುವರೆಗೆ ಹೋಗಿರಲಿಲ್ಲ.

ಜನವರಿ ಹತ್ತೊಂಬತ್ತರಂದು ಒಬ್ಬರು ಹಾಗೆಯೇ ಸುಮ್ಮನೆ ಕೇಳಿದರು. ಮೂವತ್ತೊಂದನೇ ನಂಬರಿನ ಮನೆ ಏನಾಯಿತು, ಯಾರಾದರೂ ಕೊಂಡರೇ? ಅದು ನನ್ನ ಎದುರು ಮನೆ. ಗುಂಪಿನಲ್ಲಿ ನಾನು ಹೇಳಬಹುದಾದ ಸಂಗತಿ ಕೊನೆಗೂ ಸಿಕ್ಕಿತೆಂದು ಖುಷಿಯಾಗಿ ಬರೆದೆ: ಅಲ್ಲಿ ಜನ ಇದ್ದಾರೆ, ಪ್ರತಿದಿನ ನಾಲ್ಕು ಗಂಟೆಗೆ ದೀಪ ಹಚ್ಚುತ್ತಾರೆ.

ಶಾಂತಕ್ಕ ಕೆಳಗಿನಿಂದ ಮೆಟ್ಟಿಲು ಹತ್ತಿಯೇ ಬಂದರು. ಮಂಡಿನೋವಿನಿಂದಾಗಿ ಅವರು ಹಾಗೆ ಬರುವುದೇ ಅಪರೂಪ.

"ಏನ್ ಬರದೀ ನೀನು? ಆ ಮನ್ಯಾಗ ಯಾರದಾರ?"

"ಯಾರೋ ಅದಾರ್ರಿ ಅಕ್ಕಾರ. ದಿನಾ ಹೊತ್ತಿಗೆ ಸರಿಯಾಗಿ ದೀಪಾ ಹಚ್ಚತಾರ."

"ಆ ಮನ್ಯಾಗಿದ್ದ ಡೋರೀನ್ ಸತ್ತು ಎರಡು ವರ್ಷಾತು. ಮಗಳು ಆಸ್ಟ್ರೇಲಿಯಾದಾಗ ಅದಾಳ. ಅದು ಖಾಲಿ ಮನಿ."

ಅವರು ಕಿಟಕಿಯಾಚೆ ನೋಡಿದರು. ಹಳದಿ ಬೆಳಕು ಎಂದಿನಂತೆ ಇತ್ತು. ಮೂವತ್ತು ವರ್ಷದಿಂದ ಅದೇ ಬೀದಿಯಲ್ಲಿದ್ದೂ, ಹೊತ್ತಿಗೆ ಮೊದಲೇ ಪರದೆ ಎಳೆದುಕೊಂಡು ಹಿಂದಿನ ಕೋಣೆಯಲ್ಲಿ ಕೂರುವ ಅವರು ಅದನ್ನು ನೋಡಿಯೇ ಇರಲಿಲ್ಲ. ನನ್ನ ಕಿಟಕಿಯ ಪರದೆಯನ್ನೂ ಎಳೆದು ಇಳಿದು ಹೋದರು.

ಆಮೇಲಿನ ಒಂದು ವಾರ ಗುಂಪು ಬೇರೆ ಮಾತೇ ಆಡಲಿಲ್ಲ. ಬೀಗ ಮುರಿದು ಬಂದು ಕೂತವರಿದ್ದಾರೆಂದು ಕೆಲವರು, ಒಳಗೆ ಗಾಂಜಾ ಬೆಳೆಯುತ್ತಿದ್ದಾರೆಂದು ಕೆಲವರು. ಒಬ್ಬರಿಗೆ ಕಿಟಕಿಯಲ್ಲಿ ಗಂಡಸೊಬ್ಬ ಕಂಡಿದ್ದ. ಎರಡು ದಿನದಲ್ಲಿ ಅವನಿಗೆ ಟೊಪ್ಪಿಯೂ ಬಂತು. ಪೊಲೀಸರು ಬಂದು ಬಾಗಿಲು ದೂಡಿ ನೋಡಿ, ಬೀಗ ಸರಿಯಾಗಿಯೇ ಇದೆ ಎಂದು ಹೋದರು. ಆ ದಿನವೂ ನಾಲ್ಕಕ್ಕೆ ದೀಪ ಹತ್ತಿತು. ಆಮೇಲೆ ಗುಂಪಿನಲ್ಲಿ ದೆವ್ವದ ಮಾತು ಶುರುವಾಯಿತು.

ನನ್ನ ಭಯ ಬೇರೆಯದಾಗಿತ್ತು. ಹಗಲು ಬೆಳೆಯುತ್ತಿತ್ತು. ಫೆಬ್ರವರಿಯ ಎರಡನೇ ವಾರ ನಾಲ್ಕಕ್ಕೆ ಇನ್ನೂ ಬಿಸಿಲು. ಆ ಬಿಸಿಲಿನಲ್ಲೇ ಕಿಟಕಿ ಬೆಳಗಿತು. ಒಳಗಿದ್ದವರಿಗೆ ಹೊರಗೆ ಕತ್ತಲಾಗಿದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಮಾರ್ಚ್‌ನಲ್ಲಿ, ಮಕ್ಕಳು ಶಾಲೆಯಿಂದ ಐಸ್‌ಕ್ರೀಂ ನೆಕ್ಕುತ್ತ ಬರುವ ಹೊಳೆವ ಹಗಲಿನಲ್ಲಿ, ಆ ದೀಪ ಮಂಕಾಗಿ ಉರಿಯಿತು. ನನ್ನ ಕೈ ತಾನಾಗಿ ಮೇಲೆದ್ದು ಅರ್ಧಕ್ಕೆ ನಿಂತಿತು. ಅವ್ವ ಪ್ರತಿದಿನ ಫೋನಿನಲ್ಲಿ "ದೀಪಾ ಹಚ್ಚಿದೇನವಾ?" ಎಂದು ಕೇಳುತ್ತಾಳೆ. ಹ್ಞೂಂ ಅನ್ನುತ್ತಿದ್ದೆ. ಎದುರಿನದನ್ನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಮರುದಿನವೇ ವಾಪಸ್ ಬಾ ಎನ್ನುತ್ತಿದ್ದಳು.

ಆ ತಿಂಗಳೇ ಆ ಮನೆಯೆದುರಿನ ಕಂಬಕ್ಕೆ ಕೌನ್ಸಿಲ್‌ನ, ಅಂದರೆ ಇಲ್ಲಿಯ ನಗರಸಭೆಯ, ಹಳದಿ ನೋಟಿಸು ಬಂತು. ಮನೆಯನ್ನು ಕೊಳ್ಳುವ ಕಂಪನಿಯೊಂದು ಅದನ್ನು ಎಚ್‌ಎಂಒ ಮಾಡಲಿತ್ತು, ಅಂದರೆ ಒಂದೇ ಸೂರಿನಡಿ ಕೋಣೆಗೊಬ್ಬರಂತೆ ಸಂಬಂಧವಿಲ್ಲದ ಬಾಡಿಗೆದಾರರು. ಆರು ಕೋಣೆ. ಗುಂಪು ದೆವ್ವವನ್ನು ಮರೆತು ಮನುಷ್ಯರಿಗೆ ಹೆದರತೊಡಗಿತು. ಕಾರು ಎಲ್ಲಿ ನಿಲ್ಲಿಸುತ್ತಾರೆ, ಬಿನ್ನು ಯಾರು ಎಳೆಯುತ್ತಾರೆ. ಬಾಡಿಗೆಗೆ ಅಲೆಯುವ ಹುಡುಗರು ಎಲ್ಲಿ ಹೋಗಬೇಕೆಂದು ಇಬ್ಬರು ಮೂವರು ಕೇಳಿದರು. ನಿಮ್ಮ ಪಕ್ಕದ ಮನೆಗೆ ಕರೆದುಕೊಳ್ಳಿ ಎಂಬ ಉತ್ತರ ಬಂತು. ವಿರೋಧದ ಮುಂಚೂಣಿಯಲ್ಲಿ ಶಾಂತಕ್ಕ. ಆಕ್ಷೇಪಣೆಯ ಪತ್ರವನ್ನು ಮನೆಮನೆಗೆ ಒಯ್ದು ಸಹಿ ಹಾಕಿಸಿದರು. ಎಣಿಸುವ ರೂಢಿಯಿಂದ ನಾನು ಸಂಜೆ ಬೀದಿಯಲ್ಲಿ ನಿಂತ ಕಾರುಗಳನ್ನು ಎಣಿಸಿ ಬರೆದುಕೊಳ್ಳುತ್ತೇನೆಂದು ಅವರಿಗೆ ಗೊತ್ತಿತ್ತು. ಈ ವಿಷಯಕ್ಕೆ ಬೀದಿಯವರು ಸೇರುವ ಸಭೆಯಲ್ಲಿ ಅದನ್ನು ಓದು ಎಂದರು. ಆಗಲಿ ಎಂದೆ. ಆ ಮನೆಯ ಜಾಹೀರಾತು ನೋಡಿ ಒಂದು ಕೋಣೆಗೆ ಹೆಸರು ಬರೆಸಿದ್ದೇನೆಂದು ಹೇಳಲಿಲ್ಲ. ಇಪ್ಪತ್ತೆರಡು ಕೋಣೆಗಳ ನಂತರ ನನ್ನ ಹೆಸರನ್ನು ಪೂರ್ತಿ ಕೇಳಿಸಿಕೊಂಡವರು ಆ ಕಂಪನಿಯವರೊಬ್ಬರೇ.

ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಎಲ್ಲರೂ ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ. ಅಂದು ನಾಲ್ಕಕ್ಕೆ ಎದುರಿನ ದೀಪ ಹತ್ತಲಿಲ್ಲ. ಐದಕ್ಕೆ ಹತ್ತಿತು. ಇಡೀ ದೇಶ ಸಮಯ ಬದಲಿಸಿಕೊಂಡದ್ದು ಆ ಕೋಣೆಗೆ ತಿಳಿದಿರಲಿಲ್ಲ.

ಮರುದಿನ ಸಂಜೆ ಆ ಸಭೆಗೆಂದು ಹೋದಾಗ, ಚರ್ಚಿನ ಪಕ್ಕದ ಸಭಾಂಗಣದಲ್ಲಿ ಚಹಾ ಹಾಕಿಕೊಡುತ್ತಿದ್ದವರು ಕೀತ್. ಡೋರೀನ್‌ಳ ಮನೆಯಿಂದ ಎರಡು ಬಾಗಿಲು ಆಚೆಯ ಮುದುಕ, ಫೋನು ಇಟ್ಟುಕೊಳ್ಳದವರು. ನಾನು ಮೆಲ್ಲಗೆ ಆ ದೀಪದ ಬಗ್ಗೆ ಕೇಳಿದೆ.

"ಅದು ಬರೀ ಪ್ಲಗ್, ಬ್ಯಾಬ್," ಎಂದರು. ಬ್ಯಾಬ್ ಅನ್ನುವುದು ಈ ಊರಿನ ಅಕ್ಕರೆಯ ಮಾತು, ನಮ್ಮಲ್ಲಿ 'ತಂಗಿ' ಎಂದಂತೆ. ಮನೆ ಖಾಲಿಯೆಂದು ಕಳ್ಳರಿಗೆ ತಿಳಿಯದಿರಲೆಂದು ಡೋರೀನ್‌ಳ ಮಗಳು ಹೇಳಿದ್ದಳಂತೆ. ಸಮಯಕ್ಕೆ ತಾನೇ ಹತ್ತುವ ಪ್ಲಗ್ಗನ್ನು ಕೀತ್ ಒಂದು ಡಿಸೆಂಬರ್‌ನಲ್ಲಿ ಹಾಕಿಬಂದಿದ್ದರು. ಆಮೇಲೆ ಹೊತ್ತು ಬದಲಿಸಲು ಅವರಿಗೆ ಮನಸ್ಸಾಗಲಿಲ್ಲ. "ಅವಳೂ ನಾಲ್ಕಕ್ಕೇ ಹಚ್ಚುತ್ತಿದ್ದಳು," ಎಂದು ಕಪ್ಪು ಕೊಟ್ಟರು.

ನಿರಾಳವಾಗಬೇಕಿತ್ತು, ಆಗಲಿಲ್ಲ. ನಾಲ್ಕು ತಿಂಗಳು ಯಾರಿಗೆ ಕೈ ಮುಗಿದೆನೋ ಅಲ್ಲಿ ದೆವ್ವವೂ ಇರಲಿಲ್ಲ.

ಸಭೆಯಲ್ಲಿ ಯಾರೂ ಕೂಗಾಡಲಿಲ್ಲ. ಇಂಥ ಬಾಡಿಗೆದಾರರು ಯಾರ ಹೆಸರನ್ನೂ ಕಲಿಯುವುದಿಲ್ಲ ಎಂದರು. ಹೊತ್ತಲ್ಲದ ಹೊತ್ತಿಗೆ ಬಂದು ಹೋಗುತ್ತಾರೆ, ಒಂದು ವರ್ಷವೂ ನಿಲ್ಲುವುದಿಲ್ಲ, ಕಿಟಕಿಗೆ ಹಾಸಿಗೆಯ ಚಾದರ ಕಟ್ಟುತ್ತಾರೆ ಎಂದರು. ಬಾಕ್ಸ್ ರೂಮಿನ ನನ್ನ ಕಿಟಕಿಗೆ ಮೊದಲ ವಾರ ಕಟ್ಟಿಕೊಂಡಿದ್ದ ಇಳಕಲ್ ಸೀರೆ ನೆನಪಾಯಿತು. ಶಾಂತಕ್ಕ ನನ್ನತ್ತ ಕೈ ಮಾಡಿ, ನಮ್ಮ ಗೌರಿ ಲೆಕ್ಕ ಇಟ್ಟಿದ್ದಾಳೆ ಎಂದರು. ನಾನು ಎದ್ದು ಕಾರುಗಳ ಲೆಕ್ಕ ಓದಿದೆ. ಕೂತುಬಿಡಬಹುದಿತ್ತು. ಆದರೆ ಹೇಳಿದೆ:

"ನನಗೆ ಕಾರಿಲ್ಲ. ಆ ಮನೆಯಲ್ಲಿ ಒಂದು ಕೋಣೆ ಕೇಳಿದ್ದೇನೆ. ಬರಲಿರುವವರಲ್ಲಿ ನಾನೂ ಒಬ್ಬಳು."

ಮೂವತ್ತೆಂಟು ಜನರಿದ್ದರು. ಎಲ್ಲರೂ ಕೈಯಲ್ಲಿದ್ದ ಚಹಾದ ಕಪ್ಪು ನೋಡಿದರು. ಆಮೇಲೆ ಅಧ್ಯಕ್ಷರು ನನಗೆ ಧನ್ಯವಾದ ಹೇಳಿ ಮುಂದಿನ ವಿಷಯ ತೆಗೆದುಕೊಂಡರು. ಅದು ಪಾರಿವಾಳ.

ಮನೆಗೆ ಬರುವಾಗ ಶಾಂತಕ್ಕ ನನ್ನ ತೋಳು ಹಿಡಿದೇ ನಡೆದರು. ಅರ್ಧ ದಾರಿಗೆ ಬಂದಾಗ ಹೇಳಿದರು:

"ನಿನಗಲ್ಲವಾ ನಾವು ಅಂದಿದ್ದು."

"ಮತ್ತ ಯಾರಿಗ್ರಿ ಅಕ್ಕಾರ?"

ಅವರು ನನ್ನ ತೋಳನ್ನು ತಮ್ಮತ್ತ ಎಳೆದು, "ನೀರು ನಿಂತೇತಿ, ನೋಡಿ ಕಾಲಿಡು," ಎಂದರು.

ಏಪ್ರಿಲ್‌ನಲ್ಲಿ ಅವರು ಉಡಿ ತುಂಬಿ, ರೊಟ್ಟಿಯ ಗಂಟು ಕಟ್ಟಿ ನನ್ನನ್ನು ಕಳಿಸಿಕೊಟ್ಟರು. ಏಳು ತಿಂಗಳು ಊರಿನ ಇನ್ನೊಂದು ತುದಿಯಲ್ಲಿದ್ದು ಎರಡು ಬಸ್ಸು ಬದಲಿಸಿ ಓಡಾಡಿದೆ. ಬೆಳಗಿನ ಪಾಳಿಗೆ ಮುಟ್ಟಲಾಗದೆ ಮಧ್ಯಾಹ್ನದ ಪಾಳಿ ಕೇಳಿ ಪಡೆದೆ; ಅದು ಶಾಂತಕ್ಕನವರಿಗೆ ಗೊತ್ತಿರಲಿಲ್ಲ. ಆ ನಡುವೆ ಕೌನ್ಸಿಲ್ ಆರರ ಬದಲು ಐದು ಕೋಣೆಗೆ ಒಪ್ಪಿಗೆ ಕೊಟ್ಟಿತು. ನವೆಂಬರ್ ಒಂಬತ್ತರಂದು ನಾನು ಮೂವತ್ತೊಂದನೇ ನಂಬರಿಗೆ ಬಂದೆ. ನನಗೆ ಬಂದದ್ದು ಮೇಲಿನ ಮುಂದಿನ ಕೋಣೆ. ಗೋಡೆಗೆ ಹೊಸ ಬಣ್ಣ, ನೆಲಕ್ಕೆ ಹೊಸ ಹಾಸು. ಕಿಟಕಿಯ ಕೆಳಗೆ ಮಾತ್ರ ಆ ಹಳೆಯ ಪ್ಲಗ್ಗು ಹಾಗೆಯೇ ಉಳಿದಿತ್ತು. ಬಣ್ಣ ಬಳಿದವರು ಅದರ ಸುತ್ತಲೇ ಬಳಿದಿದ್ದರು. ಕಿವಿ ಇಟ್ಟರೆ ಒಳಗೆ ಸಣ್ಣಗೆ ಟಿಕ್‌ಟಿಕ್ ಅನ್ನುತ್ತಿತ್ತು. ನನ್ನ ಮೇಜುದೀಪವನ್ನು ಅದಕ್ಕೇ ಸಿಕ್ಕಿಸಿದೆ. ಪಾಳಿ ಮುಗಿಸಿ ಬರುವಾಗ ಕಿಟಕಿ ಕತ್ತಲಾಗಿರಬಾರದು ಎನಿಸಿತು, ಅಷ್ಟೇ.

ರಜೆಯ ಮೊದಲ ದಿನ ನಾಲ್ಕಕ್ಕೆ ಕಿಟಕಿಯ ಬಳಿ ನಿಂತಿದ್ದೆ. ಬೆನ್ನ ಹಿಂದೆ ದೀಪ ತಾನೇ ಹತ್ತಿತು. ಎದುರಿಗೆ ನನ್ನ ಹಳೆಯ ಬಾಕ್ಸ್ ರೂಮು. ಅದರ ಪರದೆ ತೆರೆದಿತ್ತು. ಶಾಂತಕ್ಕ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದರು. ಕೂಸಿಗೆ ನನ್ನ ದೀಪ ತೋರಿಸಿ, ಅದರ ಎರಡು ಪುಟ್ಟ ಕೈಗಳನ್ನು ಹಿಡಿದು ಜೋಡಿಸಿದರು. ನಾನು ಕೈ ಬೀಸಿದೆ. ಬೆಳಕು ಹಿಂದಿನಿಂದ ಬೀಳುತ್ತಿದ್ದರಿಂದಲೋ ಏನೋ, ಅವರಿಗೆ ನಾನು ಕಾಣಿಸಲಿಲ್ಲ. ಕೂಸು ಮಾತ್ರ ನೆಟ್ಟ ಕಣ್ಣಿನಿಂದ ನೋಡುತ್ತಿತ್ತು.

ಕಳೆದ ವಾರ, ಡಿಸೆಂಬರ್ ನಾಲ್ಕು, ಆಸ್ಪತ್ರೆಯಲ್ಲಿ ಸಂಜೆಯ ಚಹಾಕ್ಕೆ ಕೂತಾಗ ಫೋನು ನಡುಗಿತು. ಬೀದಿಯ ಗುಂಪು. ಹೊಸದಾಗಿ ಬಂದ ಒಬ್ಬರು ಬರೆದಿದ್ದರು: ಸುಮ್ಮನೆ ಕೇಳುತ್ತಿದ್ದೇನೆ, ಮೂವತ್ತೊಂದರ ಮೇಲಿನ ಕೋಣೆಯಲ್ಲಿ ಯಾರಿದ್ದಾರೆ? ದಿನವೂ ದೀಪ ಹತ್ತುತ್ತದೆ, ಮನುಷ್ಯರು ಕಾಣುವುದಿಲ್ಲ.

ನಾನು ಉತ್ತರ ಬರೆಯತೊಡಗಿದೆ. ನನಗಿಂತ ಮೊದಲು ಶಾಂತಕ್ಕ ಬರೆದರು. ಹೆದರಬೇಡಿ, ಅವಳು ನಮ್ಮ ಹುಡುಗಿ, ಮನೆಯಲ್ಲೇ ಇದ್ದಾಳೆ, ಈಗಷ್ಟೇ ದೀಪ ಹಚ್ಚಿದಳು ನೋಡಿದೆ ಎಂದು. ಅದರ ಬೆನ್ನಿಗೇ ನನಗೊಬ್ಬಳಿಗೆ ಕನ್ನಡದಲ್ಲಿ ಬಂತು: "ರೊಟ್ಟಿ ಬಡದೀನಿ. ದೀಪಾ ಹಚ್ಚಿದ್ದು ಮುಗೀತಂದ್ರ ಬಾ, ಬಿಸಿ ಅದಾವು."

ಗಾಜಿನ ಗೋಡೆಯಾಚೆ ಪ್ರಯೋಗಾಲಯದ ಮೇಜಿನ ಮೇಲೆ ಗುರುತು ಪರಿಚಯವಿಲ್ಲದವರ ರಕ್ತದ ನಳಿಕೆಗಳು ಸಾಲಾಗಿದ್ದವು. ಗದಗಿನಲ್ಲಿ ಅವ್ವನ ಫೋನಿನ ಹೊತ್ತಾಗುತ್ತಿತ್ತು. ಎದುರು ಮನೆಯಲ್ಲಿ ನನಗಾಗಿ ತಟ್ಟೆ ಹಾಕುತ್ತಿದ್ದರು, ನನ್ನ ಕೋಣೆಯಲ್ಲಿ ನನ್ನ ದೀಪ ಉರಿಯುತ್ತಿತ್ತು. ಬರೆದಿದ್ದ ಉತ್ತರವನ್ನು ಅಳಿಸಿ, ಹತ್ತು ನಿಮಿಷದಾಗ ಬರ್ತೀನ್ರಿ ಎಂದು ಕಳಿಸಿಬಿಟ್ಟೆ. ಪಾಳಿ ಮುಗಿಯಲು ಇನ್ನೂ ಐದು ತಾಸಿತ್ತು.